ಒಂದು ಬಾಟಲಿ ಕೂಲೆಂಟ್

ಕಾರ್ಖಾನೆಯ ಲೇತ್ ಯಂತ್ರಕ್ಕೆ ತಣ್ಣನೆಯ ಗಾಳಿ ಊದುವ ಕೊಳವೆ ಬಂದು ಎಂಟು ದಿನವಾಗಿತ್ತು. ಕಬ್ಬಿಣ ಕಡೆಯುವಾಗ ಬಿಸಿ ಆರಲೆಂದು ಸುರಿಯುತ್ತಿದ್ದ ಹಾಲಿನಂಥ ಕೂಲೆಂಟ್ ಇನ್ನು ಬೇಡವೆಂದು ಡ್ರಮ್ಮನ್ನು ಹೊರಗಿಟ್ಟಿದ್ದರು. ರುದ್ರಾಚಾರಿ ಅದರಿಂದ ಒಂದು ಬಾಟಲಿ ತುಂಬಿಕೊಂಡರು.

“ಏನ್ ಆಚಾರ್ರೇ, ಮನೇಲಿ ಸಾರು ಮಾಡಿಸ್ತೀರಾ?” ಪಕ್ಕದ ಲೇತಿನ ನಜೀರ ನಕ್ಕ. “ಮೂವತ್ತು ವರ್ಷ ನಿಮ್ಮ ಕೈ ತಿಂದಿದ್ದು ಇದೇ ಅಲ್ವಾ? ಈಗ ತಾನೇ ಹುಣ್ಣು ಮಾಯ್ತಿದೆ.”

“ನಮ್ಮನೆಯವಳಿಗೆ ಕಣ್ಣು ಹೋಯ್ತು, ಆಮೇಲೆ ನೆನಪೂ ಹೋಯ್ತು ಕಣೋ. ಈ ವಾಸನೆ ಒಂದ್ರಿಂದ್ಲೇ ನನ್ನ ಗುರುತು ಹಿಡೀತಿದ್ಲು.”

ನಜೀರ ನಗು ನಿಲ್ಲಿಸಿದ. ಬಾಟಲಿಯ ಮುಚ್ಚಳವನ್ನು ತಾನೇ ಬಿಗಿಯಾಗಿ ತಿರುಗಿಸಿ ಕೊಟ್ಟ.

ಮನೆಯ ಬಾಗಿಲಲ್ಲೇ ನಿಂತು ಆಚಾರಿ ಕೂಲೆಂಟನ್ನು ಕೈಗೆಲ್ಲ ಸವರಿಕೊಂಡರು. ಹುಣ್ಣು ಉರಿಯಿತು. ಒಳಗೆ ಹೋಗಿ ಹೆಂಡತಿಯ ಪಕ್ಕದಲ್ಲಿ ಕುಳಿತರು. ಅವಳು ಆ ಕೈಯನ್ನು ಹಿಡಿದು ಮೂಸಿದಳು. ಮುಖ ಅರಳಿತು.

“ಬಂದ್ರಾ? ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?”

“ಇಲ್ಲೇ ಇದ್ನಲ್ಲೇ.”

“ಸುಳ್ಳು. ಯಾರೋ ಪುಣ್ಯಾತ್ಮರು ದಿನಾ ಬಂದು ಅನ್ನ ತಿನ್ನಿಸ್ತಿದ್ರು. ನೀವು ತೀರ್ಕೊಂಡ್ರಿ ಅಂತ ಅವರ ಮುಂದೇನೇ ಅಳ್ತಿದ್ದೆ ಕಣ್ರೀ.”