ಪಟ್ಟಿಯಲ್ಲಿಲ್ಲದ ಹೆಸರು

ಕಾವಲಿನವನು ಪಟ್ಟಿಯನ್ನು ಮೂರನೆಯ ಸಲ ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದ. ಮೋಹನ್‌ಕುಮಾರ್ ಎಂಬ ಹೆಸರು ಅದರಲ್ಲಿ ಇರಲಿಲ್ಲ.

ದೆಹಲಿಯ ಹಳೆಯ ಸಂಸತ್ ಭವನ ಕಣ್ಣೆದುರಿಗೇ ಇತ್ತು. ಅದನ್ನು ನೋಡಲೆಂದು ಚಿತ್ರದುರ್ಗ ಜಿಲ್ಲೆಯ ಹನ್ನೊಂದು ಪಂಚಾಯಿತಿಗಳಿಂದ ಬಂದಿದ್ದ ತಂಡ ಆಗಲೇ ಗೇಟು ದಾಟಿ, ಆ ದುಂಡನೆಯ ಕಟ್ಟಡದ ಕಂಬಗಳನ್ನು ಕತ್ತೆತ್ತಿ ನೋಡುತ್ತಿತ್ತು. ಹೆಂಗಸರ ಸಾಲಿನಲ್ಲಿದ್ದ ಅವರ ಹೆಂಡತಿ ಅನುಸೂಯಳನ್ನೂ ಮರುಮಾತಿಲ್ಲದೆ ಬಿಟ್ಟಿದ್ದರು. ಹೋಗುವಾಗ ಅವಳು ಒಮ್ಮೆ ತಿರುಗಿ, "ನೀವು ನಿಧಾನಕ್ಕೆ ಬರ್ರಿ" ಎಂದಿದ್ದಳು.

ಹೊರಗೆ ಉಳಿದವರು ಮೋಹನ್‌ಕುಮಾರ್ ಒಬ್ಬರೇ. ಹೊಸದುರ್ಗ ತಾಲೂಕಿನ ಅವರ ಪಂಚಾಯಿತಿಯಲ್ಲಿ ಅವರನ್ನು ಕೇಳದೆ ಒಂದು ಬೀದಿದೀಪವೂ ಹತ್ತುತ್ತಿರಲಿಲ್ಲ. ಸಭೆಯಲ್ಲಿ ನಡುವಿನ ಕುರ್ಚಿ ಅವರದು. ಬಸ್ಸಿಳಿದರೆ ಸಾಕು, ಹೋಟೆಲಿನವರು ಅಧ್ಯಕ್ಷರು ಬಂದರೆಂದು ಬೆಂಚು ಒರೆಸುತ್ತಿದ್ದರು. ಕಳೆದ ಸ್ವಾತಂತ್ರ್ಯ ದಿನ ಬಾವುಟವನ್ನು ಹೆಂಡತಿಯ ಕೈಯಲ್ಲೇ ಹಾರಿಸಿ, ಮುಕ್ಕಾಲು ಗಂಟೆಯ ಭಾಷಣವನ್ನಷ್ಟೇ ತಾವು ಇಟ್ಟುಕೊಂಡಿದ್ದ ಉದಾರಿ. ಈ ಪ್ರವಾಸಕ್ಕೆ ಅವಳು ಬೇಡ, ದೆಹಲಿಯ ಚಳಿ ತಡೆಯಲಾರಳು ಎಂದು ಜಿಲ್ಲಾ ಕಚೇರಿಗೆ ಎರಡು ಸಲ ಹೇಳಿ ನೋಡಿದ್ದರು. ಕಚೇರಿಯವರು ಕೇಳಿರಲಿಲ್ಲ.

"ಮೈ ಅಧ್ಯಕ್ಷ್" ಎಂದರು ಕಾವಲಿನವನಿಗೆ. ಅವರಿಗೆ ಬರುತ್ತಿದ್ದ ಹಿಂದಿಯೆಲ್ಲ ಅಲ್ಲಿಗೆ ಮುಗಿಯಿತು. ಅವನು ಆಧಾರ್ ಕಾರ್ಡನ್ನೂ ಮುಖವನ್ನೂ ನೋಡಿ ಪಕ್ಕಕ್ಕೆ ನಿಲ್ಲಿಸಿದ. ಒಂದು ಬಸ್ಸು ತುಂಬ ಬಂದ ಗುಜರಾತಿ ಅಜ್ಜಿಯರು ಅವರನ್ನು ದಾಟಿ ಒಳಗೆ ಹೋದರು.

ನನ್ನನ್ನೇನು ಉಗ್ರಗಾಮಿ ಎಂದುಕೊಂಡನೋ, ಈ ಹೊಟ್ಟೆ ಹೊತ್ತುಕೊಂಡು ಯಾವ ಗೋಡೆ ಹಾರಿಯೇನು ಎಂದುಕೊಂಡರು ಮೋಹನ್‌ಕುಮಾರ್. ಏಳು ಸುತ್ತಿನ ಕೋಟೆಯ ಜಿಲ್ಲೆಯಿಂದ ಬಂದು ಒಂದು ಕಬ್ಬಿಣದ ಗೇಟಿಗೆ ಸೋತೆನಲ್ಲ ಎಂದು ಅವರಿಗೇ ನಗು ಬಂತು. ಆ ಹೊತ್ತಿನಲ್ಲಿ ತಾವು ನಿಂತಿದ್ದ ಭಂಗಿಯನ್ನು ಈಗ ಊರಿನಲ್ಲಿ ಅವರೇ ನಟಿಸಿ ತೋರಿಸುತ್ತಾರೆ.

ಅಷ್ಟರಲ್ಲಿ ತಂಡವನ್ನು ನೋಡಿಕೊಳ್ಳುತ್ತಿದ್ದ ಓಬಳೇಶಪ್ಪ ಹೊರಗೆ ಬಂದರು. ಚಳ್ಳಕೆರೆ ಕಡೆಯವರು, ದೆಹಲಿಯಲ್ಲೇ ಕೆಲಸ. ತಂಡದವರನ್ನೆಲ್ಲ ಅವರು ಮೊದಲು ಕಂಡದ್ದೇ ಅಂದು ಬೆಳಿಗ್ಗೆ. ಕನ್ನಡ ಕಿವಿಗೆ ಬಿದ್ದದ್ದೇ ಮೋಹನ್‌ಕುಮಾರರಿಗೆ ಜೀವ ಬಂತು.

"ಪಟ್ಟಿ ಮಾಡಿದೋರಿಗೆ ಬುದ್ಧಿ ಐತಾ ಸಾರ್? ಅಧ್ಯಕ್ಷರನ್ನೇ ಹೊರಗೆ ನಿಲ್ಸವ್ರೆ."

ಓಬಳೇಶಪ್ಪ ಪಂಚಾಯಿತಿಯ ಹೆಸರು ಕೇಳಿ, ಪಟ್ಟಿಯ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಆ ಸಾಲಿನ ಎದುರು ಗುರುತು ಬಿದ್ದಿತ್ತು.

"ನಿಮ್ಮ ಪಂಚಾಯ್ತಿ ಅಧ್ಯಕ್ಷರು ಆಗ್ಲೇ ಒಳಗೆ ಹೋಗವ್ರಲ್ಲ. ನೀವ್ಯಾರು?"

ಮೋಹನ್‌ಕುಮಾರ್ ಆಧಾರ್ ಕಾರ್ಡನ್ನೇ ಮತ್ತೊಮ್ಮೆ ಮುಂದೆ ಹಿಡಿದರು. ಕಾವಲಿನವರು ಒಬ್ಬರಿದ್ದವರು ಇಬ್ಬರಾದರು. ಓಬಳೇಶಪ್ಪ ಇನ್ನು ತಡಮಾಡಲಿಲ್ಲ. ಇವರ ಗುರುತಿರುವವರು ಯಾರಾದರೂ ಬರಲಿ ಎಂದು ಒಳಗೆ ಹೇಳಿ ಕಳಿಸಿದರು.

ಬಂದವಳು ಅನುಸೂಯ. ಅವಸರವಿಲ್ಲದೆ ನಡೆದು ಬಂದಳು. ಗಂಡನನ್ನೂ ಅವರ ಎರಡು ಕಡೆ ನಿಂತಿದ್ದ ಬಂದೂಕುಗಳನ್ನೂ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು. ಇವರು ನಿಮಗೆ ಗೊತ್ತೇನ್ರಿ ಎಂದು ಓಬಳೇಶಪ್ಪ ಕೇಳಿದರು.

"ನಮ್ಮ ಯಜಮಾನ್ರು ಸಾರ್" ಎಂದಳು. "ಅಧ್ಯಕ್ಷೆ ನಾನು."