ವಸೂಲಿಗೆ ಬಂದವನು

ಕ್ರೆಡಿಟ್ ಕಾರ್ಡಿನ ಬಾಕಿ ವಸೂಲಿಗೆ ಮಹಾಂತೇಶ ಬಂದಾಗ ನೀಲಾಂಬಿಕಾ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ತಿಂಗಳುಗಳಿಂದ ಅವಳ ಮನಸ್ಸಿಗೆ ಮಂಕು ಕವಿದಿತ್ತು. ಹೊಲಿಗೆ ಯಂತ್ರದ ಮೇಲೆ ಧೂಳು ಕೂತಿತ್ತು.

“ರೊಕ್ಕ ಯಾವಾಗ ಕೊಡ್ತೀರಿ?”

“ಎದ್ದರ ಹೊಲೀತೀನಿ, ಹೊಲಿದರ ಕೊಡ್ತೀನಿ. ಏಳಾಕ ಆಗವಲ್ದು.”

“ನಾ ಅಂಜಿಸಾಕ ಬಂದೇನ್ರಿ.”

“ಅಂಜಾಕೂ ಶಕ್ತಿ ಇಲ್ಲಪಾ.”

ಗದರಿಸುವುದನ್ನು ಬಿಟ್ಟು ಬೇರೇನೂ ಕಲಿಯದ ಮಹಾಂತೇಶ, ದಾರಿ ಕಾಣದೆ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಟ್ಟ. ಮರುದಿನ ಉಪ್ಪಿಟ್ಟು ಮಾಡಿ, ಅವಳು ತಿಂದು ಮುಗಿಸುವವರೆಗೂ ಕದಲದೆ ಕೂತ. ವಾರ ಕಳೆದರೂ ಅವಳು ಚೇತರಿಸಿಕೊಳ್ಳದಿದ್ದಾಗ ತನ್ನ ಬೈಕಿನಲ್ಲಿ ಕೂರಿಸಿಕೊಂಡು ಮನೋವೈದ್ಯರ ಬಳಿ ಕರೆದೊಯ್ದ. ಒಡಹುಟ್ಟಿದವರೂ ಇಷ್ಟು ಮಾಡಿರಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

ಚೀಟಿ ಬರೆಯುತ್ತಿದ್ದ ನರ್ಸ್ ತಲೆಯೆತ್ತಿ ಅವನನ್ನು ಕೇಳಿದಳು.

“ಇವರು ನಿಮಗ ಏನಾಗಬೇಕ್ರಿ?”

‘ತಂಗಿ’ ಎಂದಾನು ಎಂದು ನೀಲಾಂಬಿಕಾ ಕಿವಿಗೊಟ್ಟಳು. ಮಹಾಂತೇಶ ತುಸು ಯೋಚಿಸಿದ.

“ಆಗಬೇಕಾದ್ದು ಏನೂ ಇಲ್ರೀ. ಇವರಿಂದ ಬರಬೇಕಾದ್ದು ಐತಿ.”