ಓಗೊಟ್ಟವಳು

“ಓ!” ಎಂದಳು ಕೊನೆಯ ಬೆಂಚಿನ ಹುಡುಗಿ.

ಇಡೀ ತರಗತಿ ತಿರುಗಿ ನೋಡಿತು, ಆಮೇಲೆ ಗೊಳ್ಳೆಂದು ನಕ್ಕಿತು. ಹಾಜರಿಗೆ ಪ್ರೊಫೆಸರು ಕರೆದದ್ದು ಅವಳ ಹೆಸರನ್ನಲ್ಲ, ಅವಳ ರೂಮಿನ ಗೆಳತಿಯದನ್ನು. ಉದ್ದಕ್ಕೆ, ತೆಳ್ಳಗೆ ಇದ್ದುದಕ್ಕೆ ಹಾಸ್ಟೆಲಿನವರೆಲ್ಲ ಮಿಡತೆ ಎನ್ನುತ್ತಿದ್ದ ಆ ಗೆಳತಿ ನಿನ್ನೆಯೇ ಟ್ರಂಕು ಎತ್ತಿಕೊಂಡು ಗುಡ್ಡದ ಬಸ್ಸು ಹತ್ತಿದ್ದು ಎಲ್ಲರಿಗೂ ಗೊತ್ತಿತ್ತು.

“ಏನಮ್ಮಾ, ನಿನ್ನ ಹೆಸರಿಗೂ ನೀನೇ, ಅವಳ ಹೆಸರಿಗೂ ನೀನೇನಾ? ಊಟಾನೂ ಇಬ್ಬರದ್ದು ಮಾಡ್ತೀಯಾ?” ಪ್ರೊಫೆಸರು ಪೆನ್ನು ಕೆಳಗಿಟ್ಟರು. ಸುಳ್ಳು ಹಾಜರಿ ಎಂದರೆ ಅವರಿಗೆ ಮೈಯೆಲ್ಲ ಉರಿ. “ಕ್ಲಾಸ್ ಮುಗಿದ ಮೇಲೆ ನನ್ನ ರೂಮಿಗೆ ಬಾ. ಈ ಸಲ ಪರೀಕ್ಷೆ ಹೇಗೆ ಬರೀತೀಯೋ ನೋಡ್ತೀನಿ.”

ರೂಮಿಗೆ ಅವಳು ಒಬ್ಬಳೇ ಬರಲಿಲ್ಲ. ಬುಡಕಟ್ಟು ವಿದ್ಯಾರ್ಥಿಗಳ ನೆರವು ಕೇಂದ್ರದ ಅಕ್ಕನೂ ಜೊತೆಗಿದ್ದಳು. ನೆರವು ಕೇಂದ್ರವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಕುಂಟುವ ಮೇಜು, ಚಹಾ ಕಾಸುವ ಕೆಟಲ್ಲು, ಮತ್ತೆ ಈ ಅಕ್ಕ. ಗುಡ್ಡದ ಜನರಲ್ಲಿ ಮೊಟ್ಟಮೊದಲು ಈ ವಿಶ್ವವಿದ್ಯಾಲಯದ ಪದವಿ ಪಡೆದವಳು.

“ಇವಳು ಮಾಡಿದ್ದು ತಪ್ಪೇ ಸಾರ್. ಆದ್ರೆ ಕಳ್ಳತನ ಅಲ್ಲ,” ಎಂದಳು ಅಕ್ಕ. “ನಮ್ಮಲ್ಲಿ ಕರೆದ ಹೆಸರು ನೆಲಕ್ಕೆ ಬೀಳಬಾರದು.”

“ಬಿದ್ರೆ?”

ಹುಡುಗಿಯೇ ಉತ್ತರ ಕೊಟ್ಟಳು, ಚಿಕ್ಕಂದಿನಲ್ಲಿ ಒಲೆಯ ಮುಂದೆ ಕೂತು ಕೇಳಿದ್ದನ್ನು ಕೇಳಿದ ಹಾಗೇ. “ಓಗೊಡದ ಹೆಸರು ಮರದಿಂದ ಮರಕ್ಕೆ ಅಲೆಯುತ್ತೆ ಸಾರ್. ತಾನು ಯಾರದ್ದು ಅನ್ನೋದನ್ನೇ ಮರೆತುಬಿಡುತ್ತೆ. ಆಮೇಲೆ ಆ ಮನುಷ್ಯ ಮನೆಯೊಳಗೇ ಕೂತಿದ್ರೂ ಕಳೆದುಹೋದ ಹಾಗೇ. ಅದಕ್ಕೇ, ಹೆಸರಿನವರು ಹತ್ರ ಇಲ್ದಿದ್ರೆ ಕೇಳಿಸಿಕೊಂಡವರು ಓ ಅನ್ನಬೇಕು. ಓ ಅಂದವರು ಹೋಗಿ ಅವರನ್ನ ಕರ್ಕೊಂಡು ಬರಬೇಕು.”

“ಕಥೆ ಚೆನ್ನಾಗಿದೆ,” ಎಂದರು ಪ್ರೊಫೆಸರು. “ಇಲ್ಲಿ ಕೂತು ನಾನು ಕೇಳದೆ ಇರೋ ಕಥೆ ಇಲ್ಲ. ಒಬ್ಬನ ಅಜ್ಜ ಒಂದೇ ವರ್ಷದಲ್ಲಿ ನಾಲ್ಕು ಸಲ ಸತ್ತಿದ್ದ. ಓ ಅಂದಿದ್ದು ತಪ್ಪಾಯ್ತು ಅನ್ನು, ಬಿಟ್ಟುಬಿಡ್ತೀನಿ.”

“ಹಾಜರಿ ಹಾಕಬೇಡಿ ಸಾರ್. ಆದ್ರೆ ಓ ಅಂದಿದ್ದನ್ನ ವಾಪಸ್ ತಗೊಳ್ಳಲ್ಲ. ತಗೊಂಡ್ರೆ ಅವಳನ್ನ ನಾನೇ ಕೈಬಿಟ್ಟ ಹಾಗೆ.”

“ಪರೀಕ್ಷೆ ಹೋಗುತ್ತೆ.”

“ಹೋಗ್ಲಿ ಸಾರ್.” ಅವಳ ತಲೆ ತಗ್ಗಲಿಲ್ಲ.

ಪ್ರೊಫೆಸರು ಅಕ್ಕನ ಕಡೆ ತಿರುಗಿದರು. “ಅಲ್ಲಮ್ಮಾ, ಆ ಹುಡುಗಿ ಬಿಟ್ಟುಹೋಗಿದ್ದಾದ್ರೂ ಯಾಕೆ?”

“ಸೆಮಿನಾರಿಗೆ ಎದ್ದು ನಿಂತಾಗ ಮಾತೇ ಹೊರಡಲಿಲ್ಲವಂತೆ. ಕೂತ್ಕೋಮ್ಮ, ನಿನ್ನ ಕೈಲಿ ಆಗಲ್ಲ ಅಂದ್ರಂತೆ ನೀವು.”

“ನಾನಾ?” ಅವರಿಗೆ ನೆನಪೇ ಇರಲಿಲ್ಲ. “ಹಾಗೆ ದಿನಕ್ಕೆ ಹತ್ತು ಜನಕ್ಕೆ ಅಂತೀನಿ.”

“ಅವಳು ಕೇಳಿದ್ದು ಒಂದೇ ಸಲ ಸಾರ್.”

ಪ್ರೊಫೆಸರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಸರಿ. ಸೋಮವಾರ ಮತ್ತೆ ಅವಳ ಹೆಸರು ಕರೀತೀನಿ. ಅವಳು ಬಂದ್ರೆ ಈ ವಿಷಯ ಅಲ್ಲಿಗೇ ಮುಗೀತು. ಇಲ್ದಿದ್ರೆ ಅವಳ ಹೆಸರೂ ಹೋಗುತ್ತೆ, ನಿನ್ನ ಪರೀಕ್ಷೇನೂ ಹೋಗುತ್ತೆ.”

ಅಂದೇ ಇಬ್ಬರೂ ಬಸ್ಸು ಹತ್ತಿದರು. ಹುಡುಗಿ ಕಿಟಕಿಗೆ ಹಣೆ ಒತ್ತಿಕೊಂಡು ಕೇಳಿದಳು, “ಅಕ್ಕಾ, ಅವಳು ಬರಲ್ಲ ಅಂದ್ರೆ?”

“ಬರಲ್ಲ ಅನ್ನೋಕಾದ್ರೂ ಬಾಯಿ ಬಿಡಬೇಕಲ್ಲೇ ಅವಳು!” ಅಕ್ಕ ನಕ್ಕಳು. ಆಮೇಲೆ ಮೆಲ್ಲಗೆ, “ನಾನು ಓದೋವಾಗ ಜ್ವರ ಬಂದು ಊರಿಗೆ ಹೋದವಳು ಒಂದು ವರ್ಷ ಅಲ್ಲೇ ಕೂತುಬಿಟ್ಟಿದ್ದೆ. ನನ್ನ ಹೆಸರಿಗೆ ಓ ಅನ್ನೋಕೆ ಇಲ್ಲಿ ಒಂದು ನರಪಿಳ್ಳೆಯೂ ಇರ್ಲಿಲ್ಲ. ನೀನು ತುಂಬಿದ ಕ್ಲಾಸಲ್ಲಿ ಓ ಅಂದೆ ಅಂತ ಕೇಳಿ ನಂಗೆ ಅದೆಷ್ಟು ಜಂಬ ಬಂತು ಗೊತ್ತಾ?” ಎಂದಳು.

ಸೋಮವಾರ ಪ್ರೊಫೆಸರು ಹಾಜರಿ ಕರೆಯತೊಡಗಿದಾಗ ಕೊನೆಯ ಬೆಂಚು ಖಾಲಿಯಾಗಿತ್ತು. ಮಿಡತೆಯ ಹೆಸರು ಬಂತು. ಅವರು ಒಂದು ಕ್ಷಣ ತಡೆದರು. ಎಂದಿನ ಗೊಣಗು ದನಿ ಬಿಟ್ಟು, ಯಾಕೋ, ಕಿಟಕಿಯಾಚೆಗೂ ಕೇಳುವಂತೆ ಕರೆದರು.

“ಓ...!”

ಒಂದು ದನಿಯಲ್ಲ. ಇಡೀ ಕಾರಿಡಾರೇ ಓಗೊಟ್ಟಿತ್ತು. ಬಾಗಿಲಲ್ಲಿ ಅಪ್ಪ, ಅಮ್ಮ, ಚಿಕ್ಕಮ್ಮಂದಿರು, ಸೋದರಮಾವ, ಅವನ ಕಂಕುಳಲ್ಲೊಂದು ಕೂಸು. ದಾರಿಯ ಧೂಳು ಇನ್ನೂ ಅವರ ಮೈಮೇಲೇ ಇತ್ತು. ಹಿಂದೆ ಅಕ್ಕ, ಅವಳ ಪಕ್ಕ ಕೊನೆಯ ಬೆಂಚಿನ ಹುಡುಗಿ. ನಡುವೆ, ಎಲ್ಲರಿಗಿಂತ ಒಂದು ತಲೆ ಎತ್ತರಕ್ಕೆ, ಮಿಡತೆ.

“ಇಷ್ಟು ಜನ ಬೇಡ ಅಂದೆ ಸಾರ್, ಕೇಳ್ಲಿಲ್ಲ,” ಎಂದಳು ಅವಳು. “ಅಷ್ಟು ದೊಡ್ಡ ಶಾಲೆಯವರು ಹೆಸರು ಹಿಡಿದು ಕರೆದಿದ್ದಾರೆ, ಒಬ್ಬಳನ್ನೇ ಕಳಿಸಿದ್ರೆ ಮರ್ಯಾದೆ ಅಲ್ಲ ಅಂತ ಎಲ್ಲಾ ಹೊರಟೇಬಿಟ್ರು.”

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಆ ತರಗತಿ ಕೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಅವಳು ನೇರ ನಡೆದುಹೋಗಿ ಬೆಂಚಿನಲ್ಲಿ ಕೂತಳು.

ಗುಂಪನ್ನು ಸರಿಸಿಕೊಂಡು ಅಜ್ಜಿಯೊಬ್ಬಳು ಮುಂದೆ ಬಂದಳು. ಪ್ರೊಫೆಸರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒರಟು ಅಂಗೈಯಲ್ಲಿ ಅವರ ಕೆನ್ನೆ ಸವರಿದಳು.

“ಗುಡ್ಡದ ಆಚೆಗೂ ಕೇಳೋ ಹಾಗೆ ನಮ್ಮ ಹುಡುಗೀನ ಕರೆದಿದ್ದು ನೀನೇನಾ, ಮಗಾ?”